ವಿಳಾಸ ತಪ್ಪಿದ ಎಚ್ಚರಿಕೆಗಳು

1970ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ಗೆ ಒಂದು ಫೋಟೊಟೈಪ್‌ಸೆಟರ್ ಬಂತು. ಗ್ರಾಫಿಕ್ ಸಿಸ್ಟಮ್ಸ್ ಎಂಬ ಕಂಪನಿಯ ಸಿ/ಎ/ಟಿ ಯಂತ್ರ. ಯುನಿಕ್ಸ್ ಕಂಪ್ಯೂಟರಿನಿಂದ ಬಂದ ಅಕ್ಷರಗಳನ್ನು ಅದು ಫೋಟೊ ಕಾಗದದ ಉದ್ದನೆಯ ಪಟ್ಟಿಯ ಮೇಲೆ ಬೆಳಕಿನಿಂದ ಮೂಡಿಸುತ್ತಿತ್ತು. ಆ ಪಟ್ಟಿಯನ್ನು ಆಮೇಲೆ ರಾಸಾಯನಿಕದ ಕೆಟ್ಟ ವಾಸನೆ ಹೊಡೆಯುವ ಇನ್ನೊಂದು ಯಂತ್ರಕ್ಕೆ ಜೋಪಾನವಾಗಿ ತೂರಿಸಿ, ಹಲವು ನಿಮಿಷ ಕಾಯಬೇಕಿತ್ತು. ಒಂದು ಮಧ್ಯಾಹ್ನ ಅಲ್ಲಿನ ಹಲವರಿಗೆ ಒಂದೇ ಅನುಭವವಾಯಿತಂತೆ. ಅಷ್ಟೆಲ್ಲ ಕಾದು ಹೊರತೆಗೆದ ಪಟ್ಟಿಯ ಮೇಲೆ ಇದ್ದದ್ದು ಒಂದೇ ಸಾಲು: ಇಂಥ ಫೈಲನ್ನು ತೆರೆಯಲಾಗಲಿಲ್ಲ ಎಂಬ ದೋಷದ ಸಂದೇಶ, ಬಲು ಚೆಂದದ ಅಚ್ಚಿನಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದ ಸ್ಟೀಫನ್ ಜಾನ್ಸನ್ ದಶಕಗಳ ನಂತರ ಈ ಕಥೆ ಹೇಳಿದರು. ಗೊಣಗಾಟ ತಲುಪಬೇಕಾದ ಕಿವಿಗೆ ತಲುಪಿ, ಒಂದೆರಡು ದಿನಗಳಲ್ಲೇ ಯುನಿಕ್ಸ್‌ನಲ್ಲಿ ಹೊಸದೊಂದು ದಾರಿ ತೆರೆಯಿತು. ಪ್ರೋಗ್ರಾಮಿನ ಫಲಿತಾಂಶ ಒಂದು ಕಾಲುವೆಯಲ್ಲಿ, ಅದರ ದೂರುಗಳು ಇನ್ನೊಂದು ಕಾಲುವೆಯಲ್ಲಿ. ಎರಡನೆಯದಕ್ಕೆ ಸ್ಟ್ಯಾಂಡರ್ಡ್ ಎರರ್ ಎಂದು ಹೆಸರು, 2 ಎಂದು ಸಂಖ್ಯೆ.

ಕಮಾಂಡ್ ಲೈನ್‌ನಲ್ಲಿ ಕೆಲಸ ಮಾಡುವವರಿಗೆ ಈ 2 ಇಂದಿಗೂ ಬೆರಳ ತುದಿಯಲ್ಲಿದೆ. ಯಾವುದೇ ಆದೇಶದ ಕೊನೆಗೆ 2>/ಡೆವ್/ನಲ್ ಎಂದು ಸೇರಿಸಿದರೆ ದೂರುಗಳೆಲ್ಲ ತಳವಿಲ್ಲದ ಬಾವಿಗೆ ಬಿದ್ದಂತೆ. ತೊಂದರೆಯೆಂದರೆ ಆ ಬಾವಿಗೆ ಎಚ್ಚರಿಕೆ, ದೋಷ ಎಂಬ ಭೇದ ತಿಳಿಯದು. ಮುಂದೆ ಎಂದೋ ತೊಂದರೆಯಾಗಬಹುದು ಎಂಬ ಸಾಲೂ, ಡಿಸ್ಕ್ ತುಂಬಿದೆ ಎಂಬ ಸಾಲೂ ಒಟ್ಟಿಗೇ ಮುಳುಗುತ್ತವೆ. ಬೇಡದ್ದನ್ನು ಮಾತ್ರ ಮುಚ್ಚಿ ಬೇಕಾದದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಜಾವಾಸ್ಕ್ರಿಪ್ಟ್ ಲೋಕ ಸುಮಾರು 15 ವರ್ಷ ಉತ್ತರ ಹುಡುಕಿದೆ. ಆ ಹುಡುಕಾಟದಲ್ಲಿ ಕೆಲವು ನಗು ತರುವ ಉಪಾಯಗಳಿವೆ, ಕೆಲವು ನಿಜವಾದ ಅಪಾಯಗಳೂ ಇವೆ.

ಅದೇ ಜಾನ್ಸನ್ ಇನ್ನೊಂದು ಕೆಲಸವನ್ನೂ ಮಾಡಿದ್ದರು. ಸಿ ಭಾಷೆಯ ಕಂಪೈಲರ್ ಬೇಗ ಕೆಲಸ ಮುಗಿಸಬೇಕಿತ್ತು, ಕಟ್ಟುನಿಟ್ಟಿನ ತಪಾಸಣೆಗೆ ಅದಕ್ಕೆ ಪುರುಸೊತ್ತಿರಲಿಲ್ಲ. ಆ ತಪಾಸಣೆಗೆಂದೇ ಅವರು ಲಿಂಟ್ ಎಂಬ ಪ್ರತ್ಯೇಕ ಪ್ರೋಗ್ರಾಮ್ ಬರೆದರು. ಬಟ್ಟೆಗೆ ಅಂಟುವ ಹತ್ತಿಯ ಎಳೆ ಎಂಬುದು ಆ ಹೆಸರಿನ ಅರ್ಥ. ಕೋಡಿನಲ್ಲಿ ತಪ್ಪಲ್ಲದಿದ್ದರೂ ಅನುಮಾನ ಹುಟ್ಟಿಸುವ ಜಾಗಗಳನ್ನು ಅದು ಎತ್ತಿ ತೋರಿಸುತ್ತಿತ್ತು. 1978ರ ಲಿಂಟ್ ಪ್ರಬಂಧದಲ್ಲೇ ಅದರ ಬಾಯಿ ಮುಚ್ಚಿಸುವ ಕ್ರಮವೂ ಇದೆ. ಕೋಡಿನ ನಡುವೆ ನಾಟ್‌ರೀಚ್ಡ್ ಎಂಬ ಟಿಪ್ಪಣಿ ಹಾಕಿದರೆ, ಇಲ್ಲಿಗೆ ಪ್ರೋಗ್ರಾಮ್ ಬರುವುದೇ ಇಲ್ಲ, ಅದು ಗೊತ್ತಿದ್ದೇ ಬರೆದದ್ದು, ಸುಮ್ಮನಿರು ಎಂದು ಅರ್ಥ. ಆರ್ಗ್ಸ್‌ಯೂಸ್ಡ್ ಎಂದರೆ, ಬಳಸದೆ ಬಿಟ್ಟ ಆರ್ಗ್ಯುಮೆಂಟುಗಳ ಬಗ್ಗೆ ದೂರಬೇಡ ಎಂದು. ಎಚ್ಚರಿಕೆ ಮತ್ತು ಅದನ್ನು ಅಡಗಿಸುವ ವಿದ್ಯೆ ಅವಳಿಗಳಂತೆ ಹುಟ್ಟಿದವು. ಜಾನ್ಸನ್‌ರ ಈ ಏರ್ಪಾಡಿನಲ್ಲಿ ಮೌನ ಆ ಜಾಗಕ್ಕಷ್ಟೇ ಸೀಮಿತ, ಮೌನಕ್ಕೆ ಹೆಸರಿದೆ, ಅದನ್ನು ಬರೆಯುವವರು ಕೋಡಿನ ಒಡೆಯರೇ. ನೋಡ್ ಈ ಮೂರನ್ನೂ ಮತ್ತೆ ಕಲಿಯಲು ಬಹಳ ಕಾಲ ಹಿಡಿಯಿತು.

ಜಾವಾಸ್ಕ್ರಿಪ್ಟ್ ಹುಟ್ಟಿದ್ದು ಬ್ರೌಸರ್‌ಗಾಗಿ. ಅಲ್ಲಿ ಎಚ್ಚರಿಕೆಗಳು ಕನ್ಸೋಲ್ ಎಂಬ ಹಿಂಬದಿಯ ಕೋಣೆಗೆ ಹೋಗುತ್ತವೆ. ರೈಲ್ವೆ ಟಿಕೆಟ್ ತೆಗೆಯುವವರೋ ವಿದ್ಯುತ್ ಬಿಲ್ ಕಟ್ಟುವವರೋ ಅದನ್ನು ತೆರೆದು ನೋಡುವುದಿಲ್ಲ. ತೆರೆದರೆ ಕೆಂಪು ಹಳದಿ ಸಾಲುಗಳ ಜಾತ್ರೆ. 2009ರಲ್ಲಿ ರಯಾನ್ ಡಾಲ್ ನೋಡ್ ಅನ್ನು ಹೊರತಂದು ಈ ಭಾಷೆಯನ್ನು ಬ್ರೌಸರಿನಿಂದ ಟರ್ಮಿನಲ್ಲಿಗೆ ಎಳೆದು ತಂದರು. ಟರ್ಮಿನಲ್‌ನಲ್ಲಿ ಹಿಂಬದಿಯ ಕೋಣೆ ಇಲ್ಲ. ಪ್ರೋಗ್ರಾಮಿನ ಮಾತು, ಅದರ ಒಳಗಿನ ಗೊಣಗಾಟ ಎರಡೂ ಬಳಸುವವರ ಕಣ್ಣೆದುರು ಒಂದೇ ಪರದೆಯ ಮೇಲೆ. ಸ್ಟ್ಯಾಂಡರ್ಡ್ ಎರರ್ ಬೇರೆ ಕಾಲುವೆ ನಿಜ. ಆದರೆ ಬೇರೆ ದಾರಿ ತೋರಿಸದಿದ್ದರೆ ಎರಡೂ ಕಾಲುವೆ ಬಂದು ಸೇರುವುದು ಅದೇ ಪರದೆಗೆ.

ಮೊದಲ ವರ್ಷಗಳಲ್ಲಿ ನೋಡ್‌ನ ಎಚ್ಚರಿಕೆಗಳಿಗೆ ಒಂದು ಶಿಸ್ತಿರಲಿಲ್ಲ. ಒಂದೇ ಘಟನೆಯನ್ನು ಹತ್ತಕ್ಕಿಂತ ಹೆಚ್ಚು ಕೇಳುಗರು ಕಾಯುತ್ತಿದ್ದರೆ, ಮೆಮೊರಿ ಸೋರುತ್ತಿರಬಹುದು, ಹನ್ನೊಂದನೆಯವರು ಸೇರಿದ್ದಾರೆ ಎಂದು ಅದು ಕೂಗುತ್ತಿತ್ತು. ಹನ್ನೊಂದು ಜನ ನಿಜವಾಗಿಯೂ ಬೇಕಾದ ಸಂದರ್ಭಗಳು ಬೇಕಾದಷ್ಟಿವೆ. 2012ರ 0.8 ಆವೃತ್ತಿಯಲ್ಲಿ, ಕೈಬಿಡಲಿರುವ ಸೌಲಭ್ಯಗಳ ಬಗೆಗಿನ ಸಂದೇಶಗಳನ್ನು ಮುಚ್ಚಲು --ನೋ-ಡಿಪ್ರಿಕೇಷನ್ ಎಂಬ ಆಯ್ಕೆ ಬಂತು. ಉಳಿದ ಸಂದೇಶಗಳದ್ದು ಅವರವರ ಇಷ್ಟ. ಯಾವ ಪ್ಯಾಕೇಜ್ ಬೇಕಾದರೂ ನೇರವಾಗಿ ಪರದೆಗೆ ಬರೆಯಬಹುದಿತ್ತು, ಬರೆಯುತ್ತಿತ್ತು ಕೂಡ.

2016ರ ಏಪ್ರಿಲ್‌ನಲ್ಲಿ ಬಂದ ನೋಡ್ 6 ಇದಕ್ಕೊಂದು ರೂಪ ಕೊಟ್ಟಿತು. ಇನ್ನು ಮೇಲೆ ಎಚ್ಚರಿಕೆಯೆಂದರೆ ಬರೀ ಸಾಲಲ್ಲ, ಪ್ರೋಗ್ರಾಮಿನೊಳಗೆ ನಡೆಯುವ ಒಂದು ಘಟನೆ. ಎಮಿಟ್‌ವಾರ್ನಿಂಗ್ ಎಂಬ ಫಂಕ್ಷನ್ ಅದನ್ನು ಎಬ್ಬಿಸುತ್ತದೆ. ಅದಕ್ಕೊಂದು ಜಾತಿ ಇರುತ್ತದೆ: ಡಿಪ್ರಿಕೇಷನ್ ವಾರ್ನಿಂಗ್, ಎಕ್ಸ್‌ಪೆರಿಮೆಂಟಲ್ ವಾರ್ನಿಂಗ್, ಅಥವಾ ಬರೀ ವಾರ್ನಿಂಗ್. ನೋಡ್ ಒಳಗೇ ಕೂತ ಒಬ್ಬ ಕೇಳುಗ ಆ ಘಟನೆಯನ್ನು ಕೇಳಿಸಿಕೊಂಡು ಪರದೆಗೆ ಬರೆಯುತ್ತಾನೆ. ಜೊತೆಗೇ --ನೋ-ವಾರ್ನಿಂಗ್ಸ್ ಎಂಬ ಆಯ್ಕೆಯೂ ಬಂತು. ಅದನ್ನು ಕೊಟ್ಟರೆ ಘಟನೆ ನಡೆಯುತ್ತಲೇ ಇರುತ್ತದೆ, ಬರೆಯುವವನು ಮಾತ್ರ ಇರುವುದಿಲ್ಲ. ಮುಂದಿನ ಎಲ್ಲ ಉಪಾಯಗಳಿಗೂ ಈ ವಿನ್ಯಾಸವೇ ಬುನಾದಿ.

ಇದೇ ಆವೃತ್ತಿ ಇನ್ನೊಂದು ಗಂಭೀರ ಸಮಸ್ಯೆಗೂ ಕೈ ಹಾಕಿತು. ಅದರ ಹೆಸರು ಬಫರ್. ಕಚ್ಚಾ ಬೈಟುಗಳನ್ನು ಇಟ್ಟುಕೊಳ್ಳಲು ಮೆಮೊರಿಯಲ್ಲಿ ಪಡೆಯುವ ಜಾಗ ಅದು. ಬಫರ್‌ಗೆ 'ಕನ್ನಡ' ಎಂಬ ಪದ ಕೊಟ್ಟರೆ ಆ ಪದದ 15 ಬೈಟುಗಳು ಸಿಗುತ್ತಿದ್ದವು, ಒಂದೊಂದು ಸಂಕೇತಕ್ಕೆ ಮೂರರಂತೆ. 15 ಎಂಬ ಸಂಖ್ಯೆ ಕೊಟ್ಟರೂ 15 ಬೈಟುಗಳ ಜಾಗ ಸಿಗುತ್ತಿತ್ತು, ಆದರೆ ತೊಳೆಯದ ಜಾಗ. ಹೋಟೆಲಿನಲ್ಲಿ ಹಿಂದಿನವರು ಉಂಡ ಎಲೆಯನ್ನು ಎತ್ತದೆ ಅದೇ ಜಾಗಕ್ಕೆ ಕೂರಿಸಿದ ಹಾಗೆ. ಹಿಂದಿನವರ ಎಲೆಯಲ್ಲಿ ಪಾಸ್‌ವರ್ಡ್ ಇರಬಹುದು, ಸರ್ವರಿನ ಗುಪ್ತ ಕೀಲಿ ಇರಬಹುದು, ಇನ್ಯಾರದೋ ಪತ್ರ ಇರಬಹುದು.

ಹೊರಗಿನಿಂದ ಬರುವ ಮಾಹಿತಿಯಲ್ಲಿ ಪದ ಯಾವುದು, ಸಂಖ್ಯೆ ಯಾವುದು ಎಂದು ಪರೀಕ್ಷಿಸದೆ ಬಫರ್‌ಗೆ ಕೊಟ್ಟ ಕೋಡ್ ಎಷ್ಟೋ ಕಡೆ ಇತ್ತು. ಅಂಥ ಸರ್ವರಿಗೆ ಪದದ ಬದಲು 1000 ಎಂಬ ಸಂಖ್ಯೆ ಕಳಿಸಿದರೆ, ಅದು ತನ್ನ ಮೆಮೊರಿಯ 1000 ಬೈಟುಗಳನ್ನು ಕಳಿಸಿದವರ ಕೈಗೇ ಇಡುತ್ತಿತ್ತು. ಫೆರಾಸ್ ಅಬುಖಾದಿಜೆ ಮತ್ತು ಮಥಿಯಾಸ್ ಬೂಸ್ ಎಂಬ ಇಬ್ಬರು ಪ್ರೋಗ್ರಾಮರುಗಳು ತಾವೇ ಕೆಲಸ ಮಾಡುತ್ತಿದ್ದ ಬಿಟ್‌ಟೊರೆಂಟ್ ಪ್ಯಾಕೇಜೊಂದರಲ್ಲಿ ಇದನ್ನು ಕಂಡುಹಿಡಿದರು. ಡಬ್ಲ್ಯುಎಸ್ ಎಂಬ ಬಹುಬಳಕೆಯ ಪ್ಯಾಕೇಜಿನಲ್ಲೂ ಇದೇ ಬಗೆಯ ಸೋರಿಕೆ ಸಿಕ್ಕಿತು, 2016ರ ಆರಂಭದಲ್ಲಿ ಅದನ್ನು ಸರಿಪಡಿಸಿದರು. 2014ರ ಹಾರ್ಟ್‌ಬ್ಲೀಡ್ ಲೋಪದ ನೆನಪು ಇನ್ನೂ ಹಸಿಯಾಗಿದ್ದ ಕಾಲ ಅದು. ಎರಡರ ಹೋಲಿಕೆ ಕಣ್ಣಿಗೆ ಹೊಡೆಯುವಂತಿತ್ತು.

ನೋಡ್ 6 ಹೊಸ ಹೆಸರುಗಳನ್ನು ಮುಂದಿಟ್ಟಿತು. ಪದಕ್ಕೆ ಬಫರ್ ಫ್ರಮ್, ತೊಳೆದ ಜಾಗಕ್ಕೆ ಬಫರ್ ಅಲಾಕ್, ತೊಳೆಯದ ಜಾಗವೇ ಬೇಕೆಂದರೆ ಅಲಾಕ್ ಅನ್‌ಸೇಫ್. ಕೊನೆಯ ಹೆಸರಿನ ಪ್ರಾಮಾಣಿಕತೆ ಮೆಚ್ಚುವಂಥದ್ದು. ಹಳೆಯ ದಾರಿಯನ್ನು ಕೈಬಿಡಲಾಗುವುದು ಎಂದು ಕೈಪಿಡಿಯಲ್ಲಿ ಬರೆದರು. ಕೈಪಿಡಿ ಓದುವವರು ಎಷ್ಟು ಜನ? 2016ರ ಅಕ್ಟೋಬರಿನ ನೋಡ್ 7, ಹಳೆಯ ಬಫರನ್ನು ನ್ಯೂ ಎಂಬ ಪದವಿಲ್ಲದೆ ಕರೆದವರಿಗೆ ಪರದೆಯ ಮೇಲೇ ಎಚ್ಚರಿಕೆ ಕೊಡತೊಡಗಿತು. ಡಿಸೆಂಬರಿನ 7.2.1 ಆವೃತ್ತಿಯಲ್ಲಿ ಆ ಎಚ್ಚರಿಕೆಯನ್ನು ಹಿಂತೆಗೆದುಕೊಳ್ಳಲಾಯಿತು. ಎರಡು ತಿಂಗಳೂ ಆಗಿರಲಿಲ್ಲ.

ಯಾಕೆ ಹಾಗಾಯಿತು ಎಂಬುದನ್ನು ತಿಳಿಯಲು ನೋಡ್ ಪ್ರೋಗ್ರಾಮ್ ಹೇಗೆ ಕಟ್ಟಿರುತ್ತದೆ ಎಂದು ನೋಡಬೇಕು. ಒಬ್ಬರು ಬರೆಯುವುದು ಇನ್ನೂರು ಸಾಲು. ಅದು ಹತ್ತು ಪ್ಯಾಕೇಜುಗಳನ್ನು ಕರೆಯುತ್ತದೆ, ಅವು ಮತ್ತೆ ನೂರನ್ನು ಕರೆಯುತ್ತವೆ, ಎಲ್ಲವೂ ನೋಡ್_ಮಾಡ್ಯೂಲ್ಸ್ ಎಂಬ ಫೋಲ್ಡರಿಗೆ ಬಂದು ಬೀಳುತ್ತವೆ. ಹಳೆಯ ಬಫರ್ ಇದ್ದದ್ದು ಹೆಚ್ಚಾಗಿ ಆ ಆಳದಲ್ಲಿ, ಬರೆದವರು ಎಂದೋ ಮರೆತ ಪ್ಯಾಕೇಜಿನಲ್ಲಿ. ಎಚ್ಚರಿಕೆ ಮಾತ್ರ ಮೂಡುತ್ತಿದ್ದದ್ದು ಮೇಲೆ ಕೂತು ಪ್ರೋಗ್ರಾಮ್ ನಡೆಸುವವರ ಪರದೆಯಲ್ಲಿ. ಬಾಡಿಗೆದಾರರ ಬಾಗಿಲಿಗೆ ಮನೆ ಮಾಲೀಕರ ತೆರಿಗೆ ನೋಟಿಸ್ ಅಂಟಿಸಿದ ಹಾಗೆ. ಮೊದಲ ಸಲ ಗಾಬರಿಯಾಗುತ್ತದೆ, ಹತ್ತನೆಯ ಸಲಕ್ಕೆ ಕಣ್ಣು ಅದನ್ನು ದಾಟಿ ಹೋಗುತ್ತದೆ.

2017ರ ನೋಡ್ 8 ಜಾಣತನದ ಕೆಲಸ ಮಾಡಿತು: ಹಳೆಯ ದಾರಿಯಲ್ಲಿ ಸಂಖ್ಯೆ ಕೊಟ್ಟರೂ ಜಾಗವನ್ನು ಸೊನ್ನೆಯಿಂದ ತೊಳೆದೇ ಕೊಡತೊಡಗಿತು. ಎಚ್ಚರಿಕೆ ಹೊರಿಸಿದ ಭಾರದ ದೊಡ್ಡ ಪಾಲು ಅಲ್ಲಿಗೆ ಇಳಿಯಿತು. 2018ರ ಏಪ್ರಿಲ್‌ನ ನೋಡ್ 10ರಲ್ಲಿ ಎಚ್ಚರಿಕೆ ಮರಳಿ ಬಂತು, ಆದರೆ ಹೊಸ ವಿಳಾಸದೊಂದಿಗೆ. ಹಳೆಯ ಬಫರನ್ನು ಕರೆದ ಕೋಡ್ ನೋಡ್_ಮಾಡ್ಯೂಲ್ಸ್ ಫೋಲ್ಡರಿನ ಹೊರಗಿದ್ದರೆ ಮಾತ್ರ ಸಂದೇಶ, ಒಳಗಿದ್ದರೆ ಮೌನ. ತಿದ್ದಬಲ್ಲವರಿಗೆ ಮಾತ್ರ ಹೇಳು ಎಂಬ ನಿಯಮ. ಎರಡೇ ತಿಂಗಳ ನಂತರ ಬಂದ ಪೈಥಾನ್ 3.7 ಹತ್ತಿರದ ತೀರ್ಮಾನಕ್ಕೇ ಬಂತು. 2010ರಿಂದ ಪೈಥಾನ್ ಇಂಥ ಎಚ್ಚರಿಕೆಗಳನ್ನು ತಾನಾಗಿಯೇ ಮುಚ್ಚಿಡುತ್ತಿತ್ತು. ಈಗ ಬಳಕೆದಾರರೇ ನೇರವಾಗಿ ನಡೆಸುವ ಮುಖ್ಯ ಫೈಲಿನಿಂದ ಎದ್ದ ಎಚ್ಚರಿಕೆಯನ್ನು ಮಾತ್ರ ತೋರಿಸಲು ಶುರುಮಾಡಿತು. ಎರಡು ಬೇರೆ ಭಾಷೆಗಳ ಜನ ಎರಡು ತುದಿಗಳಿಂದ ಹೊರಟು ಒಂದೇ ಕಟ್ಟೆಗೆ ಬಂದು ಕೂತರು.

ಎಲ್ಲ ಎಚ್ಚರಿಕೆಗೂ ಇಷ್ಟು ಅಚ್ಚುಕಟ್ಟಾದ ದಾರಿ ಇರಲಿಲ್ಲ. ಪ್ರಾಮಿಸ್ ಎಂಬುದು ಮುಂದೆ ಸಿಗಲಿರುವ ಫಲಿತಾಂಶದ ಚೀಟಿ. ಆ ಕೆಲಸ ಕೆಟ್ಟು, ಕೆಟ್ಟದ್ದನ್ನು ಯಾರೂ ವಿಚಾರಿಸದಿದ್ದರೆ 2016ರ 6.6 ಆವೃತ್ತಿಯಿಂದ ನೋಡ್ ಎಚ್ಚರಿಕೆ ಕೊಡುತ್ತಿತ್ತು. ಮುಂದೊಂದು ದಿನ ಇದಕ್ಕೆ ಪ್ರೋಗ್ರಾಮನ್ನೇ ನಿಲ್ಲಿಸಲಾಗುವುದು ಎಂದೂ ಹೇಳುತ್ತಿತ್ತು. ಅಲ್ಲಿಯವರೆಗೆ ಪ್ರೋಗ್ರಾಮ್ ಏನೂ ಆಗದ ಹಾಗೆ 0 ಎಂಬ ಸಂಕೇತ ಕೊಟ್ಟು ಮುಗಿಯುತ್ತಿತ್ತು. ಯುನಿಕ್ಸ್‌ನಲ್ಲಿ ಸೊನ್ನೆ ಎಂದರೆ ಕೆಲಸ ಸುಸೂತ್ರ. ಫೋಟೊಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡುವ ಒಂದು ಸಣ್ಣ ಪ್ರೋಗ್ರಾಮ್, ಅದು ಗೆದ್ದರೆ ಮೂಲವನ್ನು ಅಳಿಸು ಎಂಬ ಇನ್ನೊಂದು ಆದೇಶ, ಹೀಗೆ ಜೋಡಿಸಿಟ್ಟವರನ್ನು ಊಹಿಸಿಕೊಳ್ಳಿ. ನಕಲು ಅರ್ಧದಲ್ಲಿ ಕೆಟ್ಟಿತು, ಎಚ್ಚರಿಕೆಯ ಸಾಲು ಮೂಡಿತು, ಸೊನ್ನೆ ಹೊರಬಂತು, ಮೂಲ ಅಳಿಸಿಹೋಯಿತು. ಅಲ್ಲಿ ಉಳಿದ ಏಕೈಕ ಸಾಕ್ಷಿ ಆ ಸಾಲು. ಪರದೆ ಶುಭ್ರವಾಗಿರಲಿ ಎಂದು --ನೋ-ವಾರ್ನಿಂಗ್ಸ್ ಹಾಕಿಟ್ಟಿದ್ದರೆ ಅದೂ ಇಲ್ಲ. 2020ರ ಅಕ್ಟೋಬರಿನ ನೋಡ್ 15 ಕೊನೆಗೂ ಮಾತು ಉಳಿಸಿಕೊಂಡು ಇಂಥ ಪ್ರೋಗ್ರಾಮುಗಳನ್ನು ನಿಲ್ಲಿಸತೊಡಗಿತು. ನಾಲ್ಕು ವರ್ಷ ಎಚ್ಚರಿಕೆ ಮುಚ್ಚಿಕೊಂಡು ಕೂತವರಿಗೆ ಅದು ಮುನ್ಸೂಚನೆಯೇ ಇಲ್ಲದ ಏಟು.

ಇಷ್ಟು ಹೇಳಿದ ಮೇಲೂ, ಮುಚ್ಚಲು ಹೊರಟವರನ್ನು ಸೋಮಾರಿಗಳು ಎಂದು ತಳ್ಳಿಹಾಕುವುದು ಅನ್ಯಾಯ. ಇತರರು ಬಳಸಲೆಂದು ಕಮಾಂಡ್ ಲೈನ್ ಪ್ರೋಗ್ರಾಮ್ ಬರೆದು ಹಂಚುವವರ ಪಾಡು ಬೇರೆ. ಅವರ ಬಳಕೆದಾರರಲ್ಲಿ ಜಾವಾಸ್ಕ್ರಿಪ್ಟ್ ಗೊತ್ತೇ ಇಲ್ಲದವರು ಇರುತ್ತಾರೆ. ಚಿತ್ರಗಳ ಗಾತ್ರ ಕುಗ್ಗಿಸುವ ಪ್ರೋಗ್ರಾಮ್ ಬಳಸುವ ಛಾಯಾಗ್ರಾಹಕರಿಗೆ, ಪ್ರಯೋಗಾತ್ಮಕ ಸೌಲಭ್ಯ, ಎಂದಾದರೂ ಬದಲಾಗಬಹುದು ಎಂಬ ಸಾಲು ಕಂಡರೆ ಅವರು ಮಾಡಬೇಕಾದ್ದಾದರೂ ಏನು? ತಮ್ಮ ಚಿತ್ರಗಳಿಗೇ ಏನೋ ಆಯಿತೆಂದು ತಿಳಿಯುತ್ತಾರೆ. ಪ್ರತಿ ರಾತ್ರಿ ಕ್ರಾನ್ ಮೂಲಕ ತಾನಾಗಿಯೇ ನಡೆಯುವ ಕೆಲಸದಲ್ಲಿ ಒಂದು ಸಾಲು ಹೊರಬಂದರೂ ಕ್ರಾನ್ ಅದನ್ನು ಮೇಲ್ ಮಾಡುತ್ತದೆ. ವರ್ಷಕ್ಕೆ 365 ಮೇಲ್ ಬಂದರೆ ಓದುವವರು ಯಾರು? ನಿಜವಾದ ದೋಷದ ಮೇಲ್ 366ನೆಯದಾಗಿ ಬಂದರೂ ಅದು ಉಳಿದವುಗಳ ಜೊತೆಗೇ ಕಸದ ಬುಟ್ಟಿ ಸೇರುತ್ತದೆ.

ಇವರ ಕೈ ಕಟ್ಟಿದ್ದು ಒಂದು ಹಳೆಯ ಸಾಲು. 1980ರಲ್ಲಿ ಡೆನಿಸ್ ರಿಚಿ ಯುನಿಕ್ಸ್‌ಗೆ ತಂದ ಸೌಲಭ್ಯ ಅದು. ಫೈಲಿನ ಮೊದಲ ಸಾಲು #! ಎಂದು ಶುರುವಾದರೆ, ಮುಂದಿರುವ ಹೆಸರಿನ ಪ್ರೋಗ್ರಾಮಿಗೆ ಈ ಫೈಲನ್ನು ಒಪ್ಪಿಸು ಎಂದು ಅರ್ಥ. ಇದಕ್ಕೆ ಶೆಬ್ಯಾಂಗ್ ಎನ್ನುತ್ತಾರೆ. ನೋಡ್ ಪ್ರೋಗ್ರಾಮುಗಳಲ್ಲಿ ಆ ಸಾಲು #!/ಯುಎಸ್ಆರ್/ಬಿನ್/ಎನ್ವ್ ನೋಡ್ ಎಂದಿರುತ್ತದೆ. ಅದರ ಕೊನೆಗೆ --ನೋ-ವಾರ್ನಿಂಗ್ಸ್ ಸೇರಿಸಿದರೆ ಮುಗಿಯಿತಲ್ಲ ಎಂದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಮ್ಯಾಕ್‌ನಲ್ಲಿ ಅದು ನಡೆಯುತ್ತದೆ ಕೂಡ. ಲಿನಕ್ಸ್‌ನಲ್ಲಿ ಕರ್ನೆಲ್ ಆ ಸಾಲಿನ ಉಳಿದ ಭಾಗವನ್ನು ಬಿಡಿಸದೆ ಒಂದೇ ಗಂಟಾಗಿ ಕಟ್ಟಿ ಕೊಡುತ್ತದೆ. ಆಗ ಎನ್ವ್, 'ನೋಡ್ --ನೋ-ವಾರ್ನಿಂಗ್ಸ್' ಎಂಬ ಇಡೀ ಗಂಟನ್ನೇ ಒಂದು ಪ್ರೋಗ್ರಾಮಿನ ಹೆಸರೆಂದು ತಿಳಿದು ಹುಡುಕಿ, ಸಿಗಲಿಲ್ಲ ಎಂದು ಕೈಚೆಲ್ಲುತ್ತದೆ. ಬರೆದವರ ಮ್ಯಾಕ್‌ನಲ್ಲಿ ಓಡಿದ್ದು ಕೊಂಡೊಯ್ದವರ ಲಿನಕ್ಸ್ ಸರ್ವರಿನಲ್ಲಿ ಓಡದೇ ಹೋಗುವುದು ಹೀಗೆ. ಗಂಟು ಬಿಚ್ಚುವ -ಎಸ್ ಎಂಬ ಆಯ್ಕೆ ಜಿಎನ್‌ಯು ಎನ್ವ್‌ಗೆ ಬಂದದ್ದು 2018ರಲ್ಲಿ. ಹಳೆಯ ಸರ್ವರುಗಳಿಗೆ ಅದು ತಲುಪಲು ಇನ್ನಷ್ಟು ವರ್ಷ. ವಿಂಡೋಸ್‌ಗೆ ಶೆಬ್ಯಾಂಗೇ ತಿಳಿಯದು, ಎನ್‌ಪಿಎಂ ಅಲ್ಲಿ ಬೇರೆಯೇ ಒಂದು ಪುಟ್ಟ ಫೈಲ್ ಮಾಡಿಡುತ್ತದೆ.

ದಾರಿ ಮುಚ್ಚಿದಲ್ಲಿ ಸಂದಿ ಹುಡುಕುವುದು ಪ್ರೋಗ್ರಾಮರುಗಳ ಹುಟ್ಟುಗುಣ. ಒಂದು ಉಪಾಯ ದ್ವಿಭಾಷಾ ಕವಿಗಳ ಶ್ಲೇಷೆಯಂತಿದೆ. ಫೈಲಿನ ಶೆಬ್ಯಾಂಗ್ ಸಾಲಿನಲ್ಲಿ ನೋಡ್ ಬದಲು ಶೆಲ್ ಹೆಸರನ್ನು ಬರೆಯುತ್ತಾರೆ. ಎರಡನೆಯ ಸಾಲು ಉದ್ಧರಣ ಚಿಹ್ನೆಗಳ ನಡುವೆ ಒಂದು ವಿವರಣ ಚಿಹ್ನೆ, ಅಂದರೆ ":", ಆಮೇಲೆ ಎರಡು ಓರೆಗೆರೆ, ಕೊನೆಗೆ ನೋಡ್ ಅನ್ನು ಬೇಕಾದ ಆಯ್ಕೆಯೊಂದಿಗೆ ಕರೆಯುವ ಆದೇಶ. ಶೆಲ್‌ಗೆ ":" ಎಂದರೆ ಏನೂ ಮಾಡದ ಆದೇಶ, ಅದನ್ನು ದಾಟಿ ನೋಡ್ ಅನ್ನು ಕರೆಯುತ್ತದೆ. ನೋಡ್ ಅದೇ ಫೈಲನ್ನು ಓದುವಾಗ ":" ಒಂದು ಬಡಪಾಯಿ ಪದ, ಎರಡು ಓರೆಗೆರೆಯಿಂದ ಮುಂದಿನದೆಲ್ಲ ಟಿಪ್ಪಣಿ. ಒಂದೇ ಸಾಲು, ಎರಡು ಭಾಷೆ, ಎರಡು ಅರ್ಥ.

ಇನ್ನು ಕೆಲವರು ಪ್ರೋಗ್ರಾಮ್ ತನ್ನನ್ನೇ ಮತ್ತೊಮ್ಮೆ ಸರಿಯಾದ ಆಯ್ಕೆಯೊಂದಿಗೆ ಶುರುಮಾಡುವಂತೆ ಬರೆದರು. ನಿಧಾನ, ಆದರೆ ನಡೆಯುತ್ತದೆ. ಎನ್ವಿರಾನ್ಮೆಂಟ್ ವೇರಿಯಬಲ್‌ಗಳ ದಾರಿಯೂ ಇದೆ. ನೋಡ್_ನೋ_ವಾರ್ನಿಂಗ್ಸ್=1 ಎಂದರೆ ಎಲ್ಲವೂ ಮೌನ, ನೋಡ್_ಆಪ್ಷನ್ಸ್‌ನಲ್ಲಿ ಹಲವು ಆಯ್ಕೆಗಳನ್ನು ಬರೆದಿಡಬಹುದು. ಇವು ಒಂದು ಪ್ರೋಗ್ರಾಮಿಗೆ ನಿಲ್ಲುವುದಿಲ್ಲ. ಅಲ್ಲಿಂದ ಹುಟ್ಟುವ ಎಲ್ಲ ನೋಡ್ ಪ್ರೋಗ್ರಾಮುಗಳಿಗೂ ಆಸ್ತಿಯಂತೆ ಇಳಿದು ಬರುತ್ತವೆ. ಒಮ್ಮೆ ಶೆಲ್‌ನ ಫೈಲಿನಲ್ಲಿ ಹಾಕಿಟ್ಟು ಮರೆತರೆ ಆ ಕಂಪ್ಯೂಟರಿನ ನೋಡ್ ಜನ್ಮಕ್ಕೂ ಮೂಗ.

ನೋಡ್ 6ರ ವಿನ್ಯಾಸ ಇನ್ನೊಂದು ಬಾಗಿಲು ತೆರೆದಿತ್ತು. ಎಚ್ಚರಿಕೆಯನ್ನು ಪರದೆಗೆ ಬರೆಯುವವನು ಬರೀ ಒಬ್ಬ ಕೇಳುಗ ತಾನೆ? ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಅವನನ್ನು ತೆಗೆದುಹಾಕಿದರಾಯಿತು. ಅದಕ್ಕಿಂತ ಸೂಕ್ಷ್ಮವಾದ ದಾರಿ, ಘಟನೆ ಎಬ್ಬಿಸುವ ಫಂಕ್ಷನ್ನಿನ ಜಾಗದಲ್ಲಿ ತಮ್ಮದೊಂದನ್ನು ಕೂರಿಸಿ, ಬಂದ ಎಚ್ಚರಿಕೆಯ ಜಾತಿ ಮತ್ತು ಪಠ್ಯ ನೋಡಿ, ಬೇಡದ್ದನ್ನು ನುಂಗಿ ಉಳಿದದ್ದನ್ನು ಮುಂದೆ ಬಿಡುವುದು. ಯಾರ್ನ್ ಎಂಬ ಪ್ರಸಿದ್ಧ ಪ್ಯಾಕೇಜ್ ನಿರ್ವಾಹಕ ಮಾಡಿದ್ದು ಇದನ್ನೇ. ಮಾಡ್ಯೂಲುಗಳನ್ನು ಹುಡುಕುವ ನೋಡ್‌ನ ಪ್ರಯೋಗಾತ್ಮಕ ಸೌಲಭ್ಯವೊಂದನ್ನು ಅದು ಬಳಸಬೇಕಿತ್ತು, ಆ ಒಂದು ಎಚ್ಚರಿಕೆಯ ಪಠ್ಯವನ್ನು ಗುರುತಿಸಿ ಅದನ್ನಷ್ಟೇ ತಡೆಯುತ್ತಿತ್ತು. ಕೆಲಸ ನಾಜೂಕಿನದು, ಬುನಾದಿ ದುರ್ಬಲ. ನೋಡ್ ಬರೆಯುವವರು ಸಂದೇಶದಲ್ಲಿ ಒಂದು ಪದ ಬದಲಿಸಿದರೆ ಜರಡಿಯ ಕಣ್ಣು ತಪ್ಪುತ್ತದೆ.

ಈ ನಡುವೆ ಟರ್ಮಿನಲ್ ಗದ್ದಲಕ್ಕೆ ಎಚ್ಚರಿಕೆಯಲ್ಲದ ಸಂದೇಶಗಳೂ ಸೇರಿಕೊಂಡವು. ಕೋರ್-ಜೆಎಸ್ ಪ್ಯಾಕೇಜ್ ಅನುಸ್ಥಾಪಿಸುವಾಗ, ಅದನ್ನು ಬರೆದವರು ಒಳ್ಳೆಯ ಕೆಲಸ ಹುಡುಕುತ್ತಿದ್ದಾರೆ ಎಂಬ ಮನವಿ ಮೂಡುತ್ತಿತ್ತು. 2019ರ ಆಗಸ್ಟ್‌ನಲ್ಲಿ ಸ್ಟ್ಯಾಂಡರ್ಡ್ ಎಂಬ ಪ್ಯಾಕೇಜ್ ಟರ್ಮಿನಲ್‌ನಲ್ಲಿ ಪ್ರಾಯೋಜಕರ ಜಾಹೀರಾತು ತೋರಿಸಿದಾಗ ದೊಡ್ಡ ಗಲಾಟೆಯೇ ಆಯಿತು. ಹಾಕಿದವರು ಬಫರ್ ಸೋರಿಕೆಯನ್ನು ಬಯಲಿಗೆಳೆದ ಅದೇ ಅಬುಖಾದಿಜೆ. ಕೂಲಿಯಿಲ್ಲದೆ ದುಡಿಯುವವರ ಅಳಲು ನ್ಯಾಯವಾದದ್ದೇ. ಆದರೆ ಒಂದೇ ಪರದೆಯಲ್ಲಿ ಬೇಡಿಕೆ, ಜಾಹೀರಾತು, ಎಚ್ಚರಿಕೆ ಬೆರೆತರೆ ಓದುವವರು ಮೂರನ್ನೂ ಒಟ್ಟಿಗೇ ಮುಚ್ಚುತ್ತಾರೆ. ಅದೇ ವರ್ಷ ನವೆಂಬರಿನಲ್ಲಿ ಎನ್‌ಪಿಎಂ, ಹಣದ ಮನವಿಗಳಿಗೆಂದೇ ಎನ್‌ಪಿಎಂ ಫಂಡ್ ಎಂಬ ಬೇರೆ ಆದೇಶವನ್ನು ತಂದಿತು. ಅದೂ ಒಂದು ಬಗೆಯ ಬೇರೆ ಕಾಲುವೆ.

ನೋಡ್ ತಾನೇ ಸರಿಯಾದ ಉಪಕರಣ ಕೊಟ್ಟದ್ದು 2023ರ ನವೆಂಬರ್ ಕೊನೆಯಲ್ಲಿ, 21.3 ಆವೃತ್ತಿಯಲ್ಲಿ. ಆಮೇಲೆ ದೀರ್ಘಾವಧಿಯ 20.11ಕ್ಕೂ ಅದು ಬಂತು. ಹೆಸರು --ಡಿಸೇಬಲ್-ವಾರ್ನಿಂಗ್. ಅದರ ಮುಂದೆ ಎಚ್ಚರಿಕೆಯ ಜಾತಿಯನ್ನಾಗಲಿ ಸಂಖ್ಯೆಯನ್ನಾಗಲಿ ಬರೆದರೆ ಅದೊಂದೇ ಮೌನವಾಗುತ್ತದೆ, ಉಳಿದವು ಎಂದಿನಂತೆ. ಕೈಬಿಡಲಿರುವ ಪ್ರತಿ ಸೌಲಭ್ಯಕ್ಕೂ ನೋಡ್ ಡೆಪ್ ಎಂಬ ಅಕ್ಷರಗಳ ಜೊತೆ ನಾಲ್ಕು ಅಂಕಿಗಳ ಸಂಖ್ಯೆ ಕೊಟ್ಟಿತ್ತು, ಹಳೆಯ ಬಫರಿನದು 0005. ಜಾನ್ಸನ್‌ರ ನಾಟ್‌ರೀಚ್ಡ್ ಟಿಪ್ಪಣಿಯ ಹಾಗೆ ಇಲ್ಲೂ ಮೌನಕ್ಕೆ ಹೆಸರು ಹೇಳಬೇಕು. ನಾಳೆ ಅದೇ ಫೈಲನ್ನು ಓದುವವರಿಗೆ ಏನನ್ನು ಮುಚ್ಚಲಾಗಿದೆ ಎಂದು ತಿಳಿಯುತ್ತದೆ.

ಈ ಉಪಕರಣದ ಹಿಡಿತಕ್ಕೂ ಸರಿಯಾಗಿ ಸಿಗದ ಒಂದು ಎಚ್ಚರಿಕೆ ಇದೆ, ಸಿಗದಿರುವುದೇ ಒಳ್ಳೆಯದು. ಕಚೇರಿಗಳ ನೆಟ್‌ವರ್ಕ್‌ನಲ್ಲಿ ಎಲ್ಲ ಸಂಚಾರವನ್ನೂ ತಪಾಸಣೆ ಮಾಡುವ ಯಂತ್ರ ನಡುವೆ ಕೂತಿದ್ದರೆ, ಅದರ ಪ್ರಮಾಣಪತ್ರವನ್ನು ನೋಡ್ ನಂಬದೆ ಸಂಪರ್ಕ ನಿರಾಕರಿಸುತ್ತದೆ. ಆಗ ಯಾರೋ ಹೇಳಿಕೊಡುತ್ತಾರೆ: ನೋಡ್_ಟಿಎಲ್‌ಎಸ್_ರಿಜೆಕ್ಟ್_ಅನ್‌ಆಥರೈಸ್ಡ್ ಎಂಬ ವೇರಿಯಬಲ್‌ಗೆ 0 ಕೊಡಿ, ಎಲ್ಲ ಸರಿಹೋಗುತ್ತದೆ. ಹೋಗುವುದು ನಿಜ. ಬಾಗಿಲಿನ ಕಾವಲುಗಾರನನ್ನೇ ಮನೆಗೆ ಕಳಿಸಿದ ಮೇಲೆ ತಡೆಯುವವರು ಯಾರಿದ್ದಾರೆ? ಎದುರಿಗಿರುವುದು ಬ್ಯಾಂಕೋ ಕಳ್ಳನೋ ಎಂದು ನೋಡ್ ಇನ್ನು ನೋಡುವುದಿಲ್ಲ. ಹೀಗೆ ಮಾಡಿದವರಿಗೆ ಅದು ಪ್ರತಿ ಸಲವೂ, ಈ ಸಂಪರ್ಕಗಳು ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಕೊಡುತ್ತದೆ. ಅದಕ್ಕೆ ಸಂಖ್ಯೆಯಿಲ್ಲ, ಜಾತಿ ಬರೀ ವಾರ್ನಿಂಗ್. ಅದನ್ನು ಮುಚ್ಚಬೇಕಾದರೆ ಆ ಜಾತಿಯ ಎಲ್ಲವನ್ನೂ ಮುಚ್ಚಬೇಕು. --ನೋ-ವಾರ್ನಿಂಗ್ಸ್ ಹಾಕಿದವರು ಗೊತ್ತಿಲ್ಲದೆ ಅದನ್ನೇ ಮಾಡಿರುತ್ತಾರೆ. ಕಚೇರಿಯ ಪ್ರಮಾಣಪತ್ರವನ್ನು ನಂಬು ಎಂದು ಹೇಳಲು ನೋಡ್_ಎಕ್ಸ್‌ಟ್ರಾ_ಸಿಎ_ಸರ್ಟ್ಸ್ ಎಂಬ ನೇರವಾದ ದಾರಿ ನೋಡ್ 7ರ ಕಾಲದಿಂದಲೂ ಇದೆ.

ಹೊಸ ಉಪಕರಣ ಬಂದ ಹೊತ್ತಿಗೆ ಸರಿಯಾಗಿ ಅದಕ್ಕೆ ಕೈತುಂಬ ಕೆಲಸ ಕೊಡುವ ಎಚ್ಚರಿಕೆಯೂ ಬಂದಿತ್ತು. ಅದರ ಸಂಖ್ಯೆ 0040. ಪ್ಯುನಿಕೋಡ್ ಮಾಡ್ಯೂಲನ್ನು ಕೈಬಿಡಲಾಗುತ್ತಿದೆ, ಬೇರೆ ಪ್ಯಾಕೇಜ್ ಬಳಸಿ ಎಂಬುದು ಅದರ ಸಾರ. ಪ್ಯುನಿಕೋಡ್‌ಗೂ ಕನ್ನಡಕ್ಕೂ ನೇರ ನಂಟಿದೆ. ಇಂಟರ್ನೆಟ್ಟಿನ ಹೆಸರುಗಳ ವ್ಯವಸ್ಥೆ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳ ಮೇಲೆ ಬೆಳೆದದ್ದು. ಬೇರೆ ಲಿಪಿಯ ಹೆಸರುಗಳನ್ನು ಆ ಅಕ್ಷರಗಳಿಗೆ ಇಳಿಸುವ ಲೆಕ್ಕವನ್ನು ಆಡಂ ಕಾಸ್ಟೆಲೊ ರೂಪಿಸಿದರು, 2003ರಲ್ಲಿ ಅದು ಇಂಟರ್ನೆಟ್ ಮಾನಕವಾಗಿ ಪ್ರಕಟವಾಯಿತು. ಕನ್ನಡ ಲಿಪಿಯ .ಭಾರತ ಎಂಬ ಕೊನೆಯುಳ್ಳ ವಿಳಾಸ ತಂತಿಯ ಮೇಲೆ ಹೋಗುವಾಗ ಆ ಕೊನೆ ಎಕ್ಸ್, ಎನ್, ಎರಡು ಅಡ್ಡಗೆರೆ, ಆಮೇಲೆ 2, ಎಸ್, ಸಿ, ಆರ್, ಜೆ, 9, ಸಿ ಎಂದಾಗಿರುತ್ತದೆ. ಆಚೆ ತುದಿಯಲ್ಲಿ ಮತ್ತೆ ಕನ್ನಡವಾಗುತ್ತದೆ.

ಈ ಲೆಕ್ಕವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದವರು ಮಥಿಯಾಸ್ ಬೈನೆನ್ಸ್. 0.6ರ ಕಾಲದಿಂದ ಅದು ನೋಡ್ ಒಳಗೇ ಬರುತ್ತಿತ್ತು. 2016ರಲ್ಲಿ ಕೈಪಿಡಿ ಅದನ್ನು ಕೈಬಿಡುವ ಪಟ್ಟಿಗೆ ಸೇರಿಸಿತು. ಏಳು ವರ್ಷ ಯಾರಿಗೂ ಅದರ ಗೊಡವೆ ಇರಲಿಲ್ಲ. 2023ರ ಅಕ್ಟೋಬರಿನ ನೋಡ್ 21 ಅದನ್ನು ಪರದೆಯ ಮೇಲಿನ ಎಚ್ಚರಿಕೆಯಾಗಿಸಿತು, ಈ ಸಲ ನೋಡ್_ಮಾಡ್ಯೂಲ್ಸ್ ವಿನಾಯಿತಿ ಇಲ್ಲದೆಯೇ. ಐದು ವರ್ಷ ಹಿಂದೆ ಬಫರಿನಿಂದ ಕಲಿತ ಪಾಠ ಇಲ್ಲಿ ಯಾಕೆ ನೆನಪಾಗಲಿಲ್ಲ ಎಂದು ಕೇಳಬೇಕೆನಿಸುತ್ತದೆ. ಡೊಮೈನ್ ಹೆಸರಿನ ಗೋಜಿಗೇ ಹೋಗದ ಎಷ್ಟೋ ಪ್ರೋಗ್ರಾಮುಗಳು ಈ ಸಾಲನ್ನು ಉಗುಳಿದವು.

ಒಂದು ಸಾಮಾನ್ಯ ದಾರಿ ಹೀಗಿತ್ತು. ಇಂಟರ್ನೆಟ್ಟಿನಿಂದ ಏನನ್ನಾದರೂ ತರಲು ನೋಡ್‌ನಲ್ಲಿ ಹಿಂದೆ ಫೆಚ್ ಎಂಬ ಫಂಕ್ಷನ್ ಇರಲಿಲ್ಲ, ಅದಕ್ಕೆ ನೋಡ್-ಫೆಚ್ ಪ್ಯಾಕೇಜ್ ಬೇಕಿತ್ತು. 2022ರ ನೋಡ್ 18ರಲ್ಲಿ ಫೆಚ್ ಒಳಗೇ ಬಂತು, ಆದರೆ ಬಳಸಿದ ಕೂಡಲೇ ಪ್ರಯೋಗಾತ್ಮಕ ಎಂಬ ಎಚ್ಚರಿಕೆ. ನೋಡ್-ಫೆಚ್‌ನ 3ನೇ ಆವೃತ್ತಿ ಹೊಸ ಬಗೆಯ ಮಾಡ್ಯೂಲುಗಳನ್ನು ಮಾತ್ರ ಒಪ್ಪುತ್ತಿತ್ತು. ಹೀಗೆ ಹಳೆಯ 2ನೇ ಆವೃತ್ತಿಯಲ್ಲೇ ನೆಮ್ಮದಿಯಾಗಿ ಉಳಿದವರು ಬಹಳ. ಆ 2ನೇ ಆವೃತ್ತಿ ವಿಳಾಸಗಳನ್ನು ಓದಲು ಇನ್ನೊಂದು ಪ್ಯಾಕೇಜನ್ನು ಕರೆಯುತ್ತಿತ್ತು, ಅದು ಪ್ಯುನಿಕೋಡನ್ನು ಕರೆಯುತ್ತಿತ್ತು. ಫೆಚ್‌ನ ಎಚ್ಚರಿಕೆಯನ್ನು ತೆಗೆದುಹಾಕಿದ ಆವೃತ್ತಿಯೂ, ಪ್ಯುನಿಕೋಡ್ ಎಚ್ಚರಿಕೆಯನ್ನು ತಂದ ಆವೃತ್ತಿಯೂ ಒಂದೇ, ಅದೇ 21. ಒಂದು ಕಡೆ ಕೊಡೆ ಮಡಿಚುವಷ್ಟರಲ್ಲಿ ಇನ್ನೊಂದು ಕಡೆ ಮಳೆ.

ಬಳಸುವವರು --ಡಿಸೇಬಲ್-ವಾರ್ನಿಂಗ್ ಮುಂದೆ 0040ರ ಹೆಸರು ಬರೆದು ಪರದೆಯನ್ನು ಶುಭ್ರ ಮಾಡಿಕೊಂಡರು, ಅದರಲ್ಲಿ ತಪ್ಪೇನೂ ಇಲ್ಲ. ಪ್ಯಾಕೇಜ್ ಬರೆಯುವವರು ಮಾಡಬೇಕಾದ ತಿದ್ದುಪಡಿ ಅದಕ್ಕಿಂತ ಚಿಕ್ಕದು. ಹೊರಗಿನ ಪ್ಯುನಿಕೋಡ್ ಪ್ಯಾಕೇಜನ್ನು ತಂದಿಟ್ಟರೂ, ಬರೀ ಆ ಹೆಸರಿನಿಂದ ಕರೆದರೆ ನೋಡ್ ತನ್ನೊಳಗಿನದನ್ನೇ ಕೊಡುತ್ತದೆ, ಏಕೆಂದರೆ ಮನೆಯೊಳಗಿನ ಮಾಡ್ಯೂಲುಗಳಿಗೆ ಅಲ್ಲಿ ಮೊದಲ ಹಕ್ಕು. ಕರೆಯುವ ಹೆಸರಿನ ಕೊನೆಗೆ ಒಂದು ಓರೆಗೆರೆ ಹಾಕಿದರೆ ಅದು ಹೊರಗಿನದಕ್ಕೆ ಹೋಗುತ್ತದೆ. ವಿಳಾಸ ಓದುವ ಆ ಪ್ಯಾಕೇಜುಗಳ ಹೊಸ ಆವೃತ್ತಿಗಳಲ್ಲಿ ಆ ಗೆರೆ ಇದೆ, ಹಳೆಯವುಗಳಲ್ಲಿ ಇಲ್ಲ.